ಬುಧವಾರದ ಆಚೆ

ಲಿಫ್ಟಿನಲ್ಲಿ ಸಿಕ್ಕಿಕೊಂಡ ಮನುಷ್ಯನೊಬ್ಬ ಫೋನಿನಲ್ಲಿ ನನ್ನ ಜೀವ ಹಿಂಡುತ್ತಿದ್ದ. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತುಬಿಟ್ಟಿದ್ದಾನಂತೆ, ಉಸಿರು ಕಟ್ಟುತ್ತಿದೆಯಂತೆ, ನಮ್ಮ ಕಂಪನಿಯ ಮೇಲೆ ಕೇಸು ಹಾಕುತ್ತಾನಂತೆ.

"ಹಾಕುವಿರಂತೆ ಸಾರ್, ಮೊದಲು ಕೆಳಗೆ ಕೂತ್ಕೊಳ್ಳಿ. ಪ್ಯಾಂಟು ಕೊಳೆಯಾದ್ರೂ ಒಗೆದ್ರೆ ಹೋಗುತ್ತೆ. ಬಾಗಿಲ ಹತ್ರ ಹೋಗಬೇಡಿ. ಮೇಸ್ತ್ರಿ ಹೊರಟಿದ್ದಾರೆ."

ಅಷ್ಟರಲ್ಲಿ ನನ್ನ ಮೊಬೈಲು ಟಿಣ್ ಎಂದಿತು. ಪರದೆಯ ಮೇಲೆ 'ಅಮ್ಮನ ಬಿಪಿ ಮಾತ್ರೆ' ಎಂದಿತ್ತು. ಅದು ನನಗೆ ಬರಬೇಕಾದದ್ದೇ ಅಲ್ಲ. ಅಮ್ಮ ಇರುವುದು ಅಣ್ಣನ ಮನೆಯಲ್ಲಿ, ಅವರಿಬ್ಬರೇ. ಮಧ್ಯಾಹ್ನ ಅವನೇ ಆಫೀಸಿನಿಂದ ಫೋನು ಮಾಡಿ ಅಮ್ಮನಿಗೆ ಮಾತ್ರೆ ನೆನಪಿಸುತ್ತಿದ್ದ. ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ಎದುರು ಮೇಜಿನಲ್ಲಿದ್ದ ಅಣ್ಣನನ್ನು ಕೇಳಿದೆ.

"ಏನೋ ಇದು, ನನಗ್ಯಾಕೆ ಬಂತು?"

"ಇನ್ಮೇಲೆ ನಿನಗೇ ಬರುತ್ತೆ ಸಿಡುಕಿ. ಒಂದು ಫೋನ್ ಮಾಡೋದು ತಾನೇ," ಎಂದ. ಕಣ್ಣು ಕಂಪ್ಯೂಟರಿನಿಂದ ಏಳಲಿಲ್ಲ.

ಸಿಡುಕಿ ಎಂಬುದು ಅವನು ನನಗಿಟ್ಟ ಹೆಸರು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಿಜ. ಆದರೆ ಕೋಪ ಬರಿಸುವವನು ಅವನೇ ಅಲ್ಲವೇ?

ನಮ್ಮದು ಲಿಫ್ಟುಗಳನ್ನು ರಿಪೇರಿ ಮಾಡುವ ಸಣ್ಣ ಕಂಪನಿ. ಗ್ರೀಸಿನ ವಾಸನೆಯ ಒಂದು ಹಾಲ್, ಮೂರು ಮೇಜು, ಹಿಂದೆ ಸಾಮಾನಿನ ಕೋಣೆ. ನಾನು ಫೋನು ಎತ್ತುವವಳು. ಯಾವ ಕಟ್ಟಡದ ಲಿಫ್ಟನ್ನು ಯಾವ ದಿನ ತಪಾಸಣೆ ಮಾಡಬೇಕು, ಯಾರು ಹೋಗಬೇಕು ಎಂಬುದನ್ನೆಲ್ಲ ಕಂಪ್ಯೂಟರಿಗೆ ಹೇಳಿಟ್ಟು, ಆಯಾ ದಿನ ಆಯಾ ಮೆಕ್ಯಾನಿಕ್ಕಿನ ಮೊಬೈಲು ಕೂಗುವಂತೆ ಮಾಡುವವನು ಅಣ್ಣ. ಅದಕ್ಕೆ ಬಣ್ಣಬಣ್ಣದ ಚೌಕಗಳ ಕ್ಯಾಲೆಂಡರು ಅವನಿಗೆ ಹಿಡಿಸದು. ಮೌಸು ಇರುವುದು ಹೊತ್ತು ಹೋಗದವರಿಗೆ ಎನ್ನುತ್ತಾನೆ. ಅವನದು ಕಪ್ಪು ಪರದೆ, ಮಿನುಗುವ ಒಂದು ಗೆರೆ, ಅದರ ಮುಂದೆ ಟೈಪು ಮಾಡುವ ಕಮಾಂಡುಗಳು.

ನನಗಾಗಿ ಅವನು ಕೆಲವು ಕಮಾಂಡುಗಳಿಗೆ ನಮ್ಮ ಮಾತನ್ನೇ ಹೆಸರಾಗಿಟ್ಟಿದ್ದ. 'ಏನಿದೆ' ಎಂದು ಹೊಡೆದರೆ ಮುಂದಿನ ದಿನಗಳ ಕೆಲಸಗಳೆಲ್ಲ ಸಾಲಾಗಿ ಬರುತ್ತವೆ. 'ನೆನಪಿಸು' ಎಂದರೆ ಹೊಸದು ಸೇರುತ್ತದೆ. 'ಕೊಡು' ಎಂದರೆ ನಮ್ಮ ಕೆಲಸ ಇನ್ನೊಬ್ಬರ ತಲೆಗೆ. ಅವರು 'ಬೇಡ' ಎಂದು ಹೊಡೆದರೆ ಅದು ಕೊಟ್ಟವರಿಗೇ ವಾಪಸ್. ನಮ್ಮದೇ ಕೆಲಸಕ್ಕೆ 'ಬೇಡ' ಎಂದರೆ ಅದು ಅಳಿಸಿಹೋಗುತ್ತದೆ. "ನಿನ್ನ ಬಾಯಲ್ಲಿ ದಿನಾ ಬರೋ ಮಾತು ಅಂತ ಆ ಹೆಸರು ಇಟ್ಟಿದ್ದೀನಿ," ಎಂದು ನಕ್ಕಿದ್ದ. ಮನೆಯ ಲೆಕ್ಕಾಚಾರವೆಲ್ಲ ಅದೇ ಯಂತ್ರದಲ್ಲಿತ್ತು: ಅಮ್ಮನ ಮಾತ್ರೆ, ನೀರಿನ ಬಿಲ್ಲು, ನನ್ನ ಮಗಳ ಹಲ್ಲಿನ ಡಾಕ್ಟರು.

ಟಿಣ್ ಎಂದರೆ ಸಾಕು, ಅಣ್ಣ ಏಳುತ್ತಾನೆ. ಮುಗಿಸಿ 'ಆಯ್ತು' ಎಂದು ಒತ್ತುವ ತನಕ ಅವನಿಗೆ ಅನ್ನ ಇಳಿಯುವುದಿಲ್ಲ. ಅಪ್ಪ ತೀರಿಕೊಂಡ ದಿನ ಮನೆ ತುಂಬ ಜನ. ಅಪ್ಪನ ಕಾಲ ಬಳಿ ಕೂತು ಅಳುತ್ತಿದ್ದವನ ಜೇಬಿನಲ್ಲಿ ಟಿಣ್ ಎಂದಿತು. ಎದ್ದು ಹೋಗಿ ನೀರಿನ ಪಂಪು ಆರಿಸಿ, 'ಆಯ್ತು' ಒತ್ತಿ, ವಾಪಸು ಬಂದು ಮತ್ತೆ ಅಳಲು ಕೂತ. ಬಂದಿದ್ದ ನೆಂಟರು ಈಗಲೂ ಅದನ್ನು ಆಡಿಕೊಳ್ಳುತ್ತಾರೆ.

ಅಂಥವನಿಂದ ಒಂದು ತಪ್ಪಾಯಿತು. ಮಾರ್ಚಿನಲ್ಲಿ ಹೊಸದಾಗಿ ಸಿಕ್ಕ ಒಂದು ಕಟ್ಟಡದ ಲಿಫ್ಟಿಗೆ ಪ್ರತಿ ತಿಂಗಳ ತಪಾಸಣೆಯನ್ನು ಮೂವತ್ತೊಂದನೇ ತಾರೀಖಿಗೆ ಇಟ್ಟಿದ್ದ. ತಿಂಗಳ ಕೊನೆ ಎಂಬ ಅರ್ಥದಲ್ಲಿ. ಮನುಷ್ಯನಾದರೆ ಅರ್ಥ ಮಾಡಿಕೊಳ್ಳುತ್ತಿದ್ದ. ಯಂತ್ರಕ್ಕೆ ಹೇಳಿದ್ದಷ್ಟೇ ಗೊತ್ತು. ಏಪ್ರಿಲಿನಲ್ಲಿ ಮೂವತ್ತೊಂದು ಇಲ್ಲ. ಯಾರ ಮೊಬೈಲೂ ಕೂಗಲಿಲ್ಲ, ಯಾರೂ ಹೋಗಲಿಲ್ಲ. ಮೇ ತಿಂಗಳಲ್ಲಿ ಬ್ರೇಕು ಸವೆದಿದ್ದ ಆ ಲಿಫ್ಟು ಬಾಗಿಲು ತೆರೆದಿರುವಾಗಲೇ ಕದಲಿತು. ಕಟ್ಟಡದ ಕಾವಲುಗಾರ ಒಂದು ಕಾಲು ಒಳಗಿಟ್ಟಿದ್ದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಿಚಾರಣೆ ಮಾಡಿದವರು ಬ್ರೇಕಿನ ಸಾಮಾನೇ ಕಳಪೆ, ತಪಾಸಣೆಯಲ್ಲೂ ಗೊತ್ತಾಗುತ್ತಿರಲಿಲ್ಲ ಎಂದು ಬರೆದು ಕೈ ತೊಳೆದುಕೊಂಡರು. ಅಣ್ಣ ನನ್ನ ಹತ್ತಿರ ಮಾತ್ರ, "ನಾನು ಮೂವತ್ತೊಂದು ಅಂತ ಹಾಕಿದ್ದೆ ಕಣೇ," ಎಂದ. "ಅವರೇ ನಿನ್ನ ತಪ್ಪಲ್ಲ ಅಂದಮೇಲೆ ನೀನ್ಯಾಕೆ ಇಲ್ಲದ ತಲೆನೋವು ಹಚ್ಕೋತೀಯ?" ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಅಳಲಿಲ್ಲ, ಕೂಗಾಡಲಿಲ್ಲ. ಎಲ್ಲ ಕಟ್ಟಡಗಳ ತಾರೀಖುಗಳನ್ನೂ ಒಂದೊಂದಾಗಿ ತೆಗೆದು ಸರಿಮಾಡಿದ. ಅದು ಮುಗಿದ ಮೇಲೆ ಈ ಹಂಚಿಕೆ ಶುರುವಾಯಿತು.

ಮೊದಲು ಮಾತ್ರೆ. ಆಮೇಲೆ ನೀರಿನ ಬಿಲ್ಲು. ಆಮೇಲೆ ಅಮ್ಮನ ಕಣ್ಣಿನ ತಪಾಸಣೆ. ದಿನಕ್ಕೊಂದು ಟಿಣ್. ಅತ್ತ ದೊಡ್ಡ ಮೇಸ್ತ್ರಿಯ ಮೊಬೈಲಿಗೆ ಲಿಫ್ಟುಗಳ ಪಟ್ಟಿಯೇ ಹೋಗಿತ್ತು. ಮೇಸ್ತ್ರಿ ನಮ್ಮ ಅಪ್ಪನ ಕಾಲದವರು, ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕುವ ಪೈಕಿ. ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದರು.

"ನಿಮ್ಮಣ್ಣ ಎಲ್ಲಾ ನನ್ನ ತಲೆಗೆ ಕಟ್ತಾ ಇದ್ದಾನಲ್ಲಮ್ಮ. ಬೇರೆ ಕಡೆ ಕೆಲಸ ಏನಾದ್ರೂ ನೋಡ್ಕೊಂಡನಾ?"

ನನಗೂ ಹಾಗೇ ಅನಿಸಿತು. ಅನಿಸಿದ್ದೇ ಮೈಯೆಲ್ಲ ಉರಿಯಿತು. ಒಡಹುಟ್ಟಿದವಳಿಗೆ ಒಂದು ಮಾತು ಹೇಳದೆ ಕದ್ದು ಹೋಗುವುದು ಎಂದರೇನು? ಅಮ್ಮನದೆಂಬ ಒಂದೇ ಕಾರಣಕ್ಕೆ ನಾನು 'ಬೇಡ' ಹೊಡೆಯದೆ ಹಲ್ಲು ಕಚ್ಚಿಕೊಂಡೆ.

ಭಾನುವಾರ ಅಮ್ಮನನ್ನೇ ಕರೆದುಕೊಂಡು ಬಂದ. ಜೊತೆಗೆ ಅವಳ ದಿಂಬು, ರೇಡಿಯೋ, ಬಟ್ಟೆಯ ಎರಡು ಚೀಲ. ಮನೆಗೆ ಬಣ್ಣ ಹೊಡೆಸುತ್ತಾನಂತೆ, ವಾಸನೆ ಅಮ್ಮನಿಗೆ ಆಗುವುದಿಲ್ಲವಂತೆ.

"ಬಣ್ಣದವರನ್ನ ನಾನು ನೋಡಿಕೊಡ್ಲಾ ಭಾವ?" ಎಂದು ನನ್ನ ಗಂಡ ಕೇಳಿದರು.

"ಸಿಕ್ಕಿದ್ದಾರೆ," ಎಂದ ಅಣ್ಣ. ಯಾವ ಬಣ್ಣ ಎಂದು ನನ್ನ ಮಗಳು ಕೇಳಿದಳು. ಅವನು ತುಸು ಯೋಚಿಸಿ, "ಬಿಳಿ," ಎಂದ. ಚೀಲದಲ್ಲಿ ಅಮ್ಮನ ಸ್ವೆಟರುಗಳೂ ಇದ್ದವು. ಚಳಿಗಾಲಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು. ನಾನು ಅವನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದೆ. ಮತ್ತೆ ತೆರೆದು ಅವನ್ನೇ ನೋಡಿದೆ. ಬಂದದ್ದು ಕೋಪವೆಂದೇ ತಿಳಿದೆ.

ಬುಧವಾರ ಮಧ್ಯಾಹ್ನ ಅಣ್ಣ ಅರ್ಧ ದಿನ ರಜೆ ಹಾಕಿದ. ರಜೆ ಎಂಬ ಪದ ಅವನ ಬಾಯಲ್ಲಿ ನಾನು ಕೇಳಿದ್ದೇ ಕಡಿಮೆ. ಕೀಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ, ಕುರ್ಚಿಯನ್ನು ಮೇಜಿನೊಳಗೆ ತಳ್ಳಿದ. ಹೋಗುವಾಗ ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟ.

"ಏನು ಸಾಹೇಬರು ಹೊಸ ಕೆಲಸಕ್ಕೆ ಹೊರಟ್ರಾ?" ಎಂದು ಚುಚ್ಚಿದೆ.

ನಕ್ಕ. "ರಾತ್ರಿ ಅಮ್ಮನ ಮಾತ್ರೆ ಮರೀಬೇಡ," ಎಂದು ಮೆಟ್ಟಿಲಿಳಿದು ಹೋದ.

ನನಗೆ ತಡೆಯಲಾಗಲಿಲ್ಲ. ಯಾವ ಕಂಪನಿ, ಯಾವತ್ತಿನಿಂದ ಎಂದು ಕಂಡುಹಿಡಿದೇ ತೀರುತ್ತೇನೆ ಎಂದು ಕಪ್ಪು ಪರದೆ ತೆರೆದು 'ಏನಿದೆ' ಎಂದು ಹೊಡೆದು ಅವನ ಹೆಸರು ಹಾಕಿದೆ. ಹಳೆಯ ವಾರಗಳು ಕಿಕ್ಕಿರಿದಿದ್ದವು. ಬುಧವಾರದ ಆಚೆ ಏನೂ ಇರಲಿಲ್ಲ. ಮುಂದಿನ ವಾರ ಕೇಳಿದೆ, ಖಾಲಿ. ಮುಂದಿನ ತಿಂಗಳು ಕೇಳಿದೆ, ಖಾಲಿ. ಮುಂದಿನ ವರ್ಷವನ್ನೇ ಕೇಳಿದೆ. ಮಿನುಗುವ ಗೆರೆಯೊಂದು ಬಂದು ನಿಂತಿತು, ಅಷ್ಟೇ.

ಮುಂದಿನ ತಿಂಗಳು ಅವನ ಹುಟ್ಟಿದ ದಿನ. ವರ್ಷ ವರ್ಷ ಬರುವಂತೆ ಅದನ್ನು ಸೇರಿಸಿದ್ದವಳು ನಾನೇ, 'ನೆನಪಿಸು' ಕಲಿತ ಮೊದಲ ದಿನ. ಅದೆಲ್ಲಿ ಹೋಯಿತು ಎಂದು ಹುಡುಕಿದೆ. ಇತ್ತು. ಅಳಿಸಿರಲಿಲ್ಲ. ಯಾವತ್ತಿನ ತನಕ ಎಂಬಲ್ಲಿ ಮಾತ್ರ ಅವನು ಕೈಯಾಡಿಸಿದ್ದ. ಕೊನೆ: ಬುಧವಾರ.

ಕೆಲಸ ಬಿಡುವವನು ತಪಾಸಣೆಗಳನ್ನು ಬಿಟ್ಟುಕೊಡುತ್ತಾನೆ. ಹುಟ್ಟಿದ ದಿನಕ್ಕೆ ಯಾರಾದರೂ ಕೊನೆ ಹಾಕುತ್ತಾರೆಯೇ?

ಇವತ್ತಿನ ಸಾಲುಗಳನ್ನು ಮತ್ತೆ ನೋಡಿದೆ. ಕೊನೆಯದಕ್ಕೆ ಹೆಸರೇ ಇರಲಿಲ್ಲ. ಸಂಜೆ ಐದು ಎಂದಿತ್ತು, ಮುಂದೆ ಬರೀ ಬಿಳಿ ಜಾಗ. ಅದನ್ನು ಅಳಿಸಲು ಹೋದೆ. ಆಗಲಿಲ್ಲ. ಅದು ಅವನದು, ನನಗೆ ಹಕ್ಕಿಲ್ಲ ಎಂದಿತು ಯಂತ್ರ. ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು.

ಅವನು ನನಗೆ ಕೊಟ್ಟದ್ದೆಲ್ಲ ನನ್ನ ಹೆಸರಿನಲ್ಲಿ ಸಾಲಾಗಿ ಕೂತಿತ್ತು. ಕೆಲಸ ಬಾಕಿ ಇಟ್ಟು ಹೋಗುವವನಲ್ಲ ಅವನು. 'ಬೇಡ ಎಲ್ಲಾ' ಎಂದು ಟೈಪು ಮಾಡಿ ಎಂಟರ್ ಒತ್ತಿದೆ. ಮೊದಲ ಸಲ ತಪ್ಪಾಗಿ ಹೊಡೆದು ಯಂತ್ರದಿಂದ ಬೈಸಿಕೊಂಡೆ. ಎರಡನೇ ಸಲ ಸರಿಹೋಯಿತು.

"ಮೇಸ್ತ್ರೀ, ನಿಮ್ಮದನ್ನೂ ಬೇಡ ಅನ್ನಿ! ಎಲ್ಲಾನೂ! ವ್ಯಾನು ತೆಗೀರಿ, ಅಣ್ಣನ ಮನೆಗೆ ಹೋಗಬೇಕು!"

ಅವರು ನನ್ನ ಮುಖ ನೋಡಿದರು. ಮೊಬೈಲನ್ನು ನನ್ನ ಕೈಗೆ ಕೊಟ್ಟು, ಬಾಗಿಲು ಮೀಟುವ ಹಾರೆ ತೆಗೆದುಕೊಂಡು ನನಗಿಂತ ಮೊದಲು ಮೆಟ್ಟಿಲಿಳಿದರು.

ವ್ಯಾನಿನಲ್ಲಿ ಕೂತು ಅವರದನ್ನೂ ವಾಪಸು ಕಳಿಸಿದೆ. ಆಮೇಲೆ ಏನು ಮಾಡಲಿ? ಫೋನು ಎತ್ತುವುದಿಲ್ಲ. ಆದರೆ ಟಿಣ್ ಎಂದರೆ ನೋಡದೆ ಇರಲಾರ. ಒಳಗೆ ಸಿಕ್ಕಿಕೊಂಡವರ ಜೊತೆ ಮಾತು ನಿಲ್ಲಿಸಬಾರದು, ಬೈದರೂ ಸರಿ, ಮಾತಾಡುತ್ತಲೇ ಇರು ಎಂದು ನನಗೆ ಈ ಕೆಲಸ ಕಲಿಸಿದವನೇ ಅವನು. ನನ್ನ ಮೊಬೈಲಿನಲ್ಲೂ ಅವನೇ ಹಾಕಿಕೊಟ್ಟ ಕಪ್ಪು ಪರದೆ ಇತ್ತು. 'ನೆನಪಿಸು' ಎಂದು ಹೊಡೆದು, ಅವನ ಹೆಸರು ಹಾಕಿ, ಈಗಲೇ ಎಂದು ಬರೆದೆ.

ಕೂತ್ಕೋ. ನೆಲದ ಮೇಲೇ ಕೂತ್ಕೋ.

ಒಂದು ನಿಮಿಷ ಏನೂ ಇಲ್ಲ. ಆಮೇಲೆ ನನ್ನ ಪರದೆಯಲ್ಲಿ ಆ ಸಾಲಿನ ಮುಂದೆ ಮೂಡಿತು: ಆಯ್ತು.

"ಇದ್ದಾನೆ ಮೇಸ್ತ್ರೀ, ಇದ್ದಾನೆ," ಎಂದು ಕಿರುಚಿದೆ. ಅವರು ಹಾರ್ನ್ ಒತ್ತಿ ಹಿಡಿದೇ ಓಡಿಸುತ್ತಿದ್ದರು.

ಬಾಗಿಲ ಚಿಲಕ ತೆಗೆದಿಡು ಎಂದು ಬರೆದೆ. ಆಯ್ತು ಬರಲಿಲ್ಲ. ನಾನೂ ಮೇಸ್ತ್ರೀನೂ ಹೊರಟಿದ್ದೀವಿ. ಆಯ್ತು. ನಿನ್ನ ಬಿಳಿ ಬಣ್ಣಕ್ಕೆ ಬೆಂಕಿ ಬೀಳ. ಆಯ್ತು. ಅಮ್ಮನ ಸ್ವೆಟರ್ ಯಾಕೆ ಕಳಿಸಿದೆ ಹೇಳು. ಇದಕ್ಕೆ ಏನೂ ಬರಲಿಲ್ಲ. ನನ್ನನ್ನ ಬಿಟ್ಟು ಹೋಗಬೇಡ ಕಣೋ. ಇದಕ್ಕೂ ಬರಲಿಲ್ಲ. ಸಿಗ್ನಲ್ಲಿನಲ್ಲಿ ವ್ಯಾನು ನಿಂತಿತು. ಪಕ್ಕದ ಸ್ಕೂಟರಿನವನು ನಿಶ್ಚಿಂತೆಯಿಂದ ಆಕಳಿಸುತ್ತಿದ್ದ. ಅವನಿಗೂ ಒಂದು ಬಾರಿಸಬೇಕೆನಿಸಿತು. ನಾನು ಬರೆಯುತ್ತಲೇ ಇದ್ದೆ. ಸಾಲುಗಳು ಒಂದರ ಕೆಳಗೊಂದು ಹೋಗಿ ಸುಮ್ಮನೆ ನಿಲ್ಲುತ್ತಿದ್ದವು.

ಅವನ ಮನೆ ಎರಡನೇ ಮಹಡಿ. ಮೆಟ್ಟಿಲಲ್ಲಿ ಬಣ್ಣದ ವಾಸನೆ ಇರಲಿಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು. ನಾನು ಹೊಸ್ತಿಲಲ್ಲೇ ನಿಂತು ಇನ್ನೊಂದು ಕಳಿಸಿದೆ. ಒಳಗೆ ಟಿಣ್ ಎಂದದ್ದು ಕೇಳಿಸಿತು. ಹೆಜ್ಜೆ ಸಪ್ಪಳವಿಲ್ಲ. ಮೇಸ್ತ್ರಿ ಹಾರೆಯ ತುದಿಯನ್ನು ಬಾಗಿಲ ಸಂದಿಗೆ ಇಟ್ಟು ಭುಜ ಒಡ್ಡಿದರು. ಮರ ಸೀಳುವ ಸದ್ದಾಯಿತು.

"ಮುರೀಬೇಡಿ ಮೇಸ್ತ್ರೀ," ಎಂದು ಒಳಗಿನಿಂದ ದನಿ ಬಂತು. ಚಿಲಕ ಸರಿಯಿತು.

ಅಣ್ಣ ಮೊಬೈಲು ಹಿಡಿದು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದೆ ಮನೆ ಗುಡಿಸಿ ಒರೆಸಿ ಹೊಳೆಯುತ್ತಿತ್ತು, ಒಂದು ಲೋಟವೂ ಹೊರಗಿರಲಿಲ್ಲ.

"ಎಲ್ಲಾ ವಾಪಸ್ ಬಂತು," ಎಂದ. "ಎಷ್ಟು ಕಷ್ಟಪಟ್ಟು ಮುಗಿಸಿದ್ದೆ ಕಣೇ. ಮತ್ತೆ ಎಲ್ಲಿಂದ ಶುರು ಮಾಡ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಕೈಯಲ್ಲಿ ಟಿಣ್ ಎಂದಿತು. ನಾನು ಕಳಿಸಿದ್ದಲ್ಲ. ಐದು ಗಂಟೆ. ಹೆಸರಿಲ್ಲದ ಆ ಸಾಲು. ಅವನು ಅದನ್ನೇ ನೋಡುತ್ತ ನಿಂತ. ಕರೆದಾಗ ಏಳುವುದು ಅವನ ಮೈಗೆ ಹತ್ತಿದ ಅಭ್ಯಾಸ. ಒಳಕೋಣೆಯ ಕಡೆ ಅವನ ಮುಖ ತಿರುಗಿದ್ದನ್ನು ನಾನೂ ಕಂಡೆ, ಮೇಸ್ತ್ರಿಯೂ ಕಂಡರು. ಮೊಬೈಲನ್ನು ಕಿತ್ತುಕೊಂಡು, ಅವನ ಪರದೆಯಲ್ಲೇ, ಅವನ ಹೆಸರಿನಲ್ಲೇ, 'ಬೇಡ' ಎಂದು ಹೊಡೆದೆ. ಆಮೇಲೆ ಅವನ ಬೆನ್ನಿಗೆ ಎರಡು ಗುದ್ದು ಗುದ್ದಿ ಅತ್ತೆ. ಅವನೂ ಅತ್ತ. ಮೇಸ್ತ್ರಿ ಹಾರೆ ಹಿಡಿದುಕೊಂಡೇ ಒಳಕೋಣೆಗೆ ಹೋಗಿ ಬಂದು, ಆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿಗಿಳಿಸಿದರು.

ಅವನನ್ನು ನಮ್ಮ ಮನೆಗೆ ಕರೆತಂದೆವು. ದಾರಿಯಲ್ಲಿ ಆಸ್ಪತ್ರೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ರಾತ್ರಿ ಒಬ್ಬನನ್ನೇ ಬಿಡಬೇಡಿ, ನಾಳೆ ಬೆಳಗ್ಗೆ ಮೊದಲಿಗೇ ಕರೆತನ್ನಿ ಎಂದರು. ಅಡುಗೆಮನೆಯಲ್ಲಿ ನಿಂತು ಅದನ್ನು ಅವನ ಹೆಸರಿಗೆ ಸೇರಿಸಿದೆ: ನಾಳೆ ಬೆಳಗ್ಗೆ, ಡಾಕ್ಟರು, ನಾನೂ ಬರ್ತೀನಿ. ನಡುಮನೆಯಲ್ಲಿ ಅವನ ಮೊಬೈಲು ಟಿಣ್ ಎಂದಿತು. ಅವನು ನೋಡಿದ. ಆಯ್ತು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮೊಬೈಲನ್ನು ಮಗುಚಿ ಇಟ್ಟ.

ಅಮ್ಮನಿಗೆ ಇನ್ನೂ ಏನೂ ಹೇಳಿರಲಿಲ್ಲ. ಬಣ್ಣದವರು ಕೈಕೊಟ್ಟರು ಎಂದಷ್ಟೇ ಹೇಳಿದ್ದೆವು. ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಎಂಟಕ್ಕೆ ಅಮ್ಮನ ರಾತ್ರಿ ಮಾತ್ರೆಯ ಹೊತ್ತಾಯಿತು. ನನ್ನ ಮೊಬೈಲು ಕೂಗಲಿಲ್ಲ. ಅವನದು ಕೂಗಿತು. ಅವನು ಕದಲಲಿಲ್ಲ. ಇನ್ನೊಮ್ಮೆ ಕೂಗಿತು. ಅಮ್ಮ ನನ್ನ ಕಡೆ ನೋಡಿದಳು, ನನ್ನ ಗಂಡ ಏಳಲು ಹೋದರು, ನಾನು ಅವರ ತೋಳು ಹಿಡಿದು ಕೂರಿಸಿದೆ. ಮಾತ್ರೆ ಕಪಾಟಿನ ಮೇಲಿತ್ತು. ಮೊಬೈಲು ಮೇಜಿನ ಮೇಲೆ ಮಗುಚಿಕೊಂಡೇ ಮೂರನೇ ಸಲ ಕೂಗಿತು.

"ಎಲ್ಲಿಟ್ಟಿದ್ದೀಯೇ ಮಾತ್ರೆ?" ಎಂದು ಅಣ್ಣ ಎದ್ದ.