ಹಳೆಯ ಅಳತೆ

ನನ್ನ ತಮ್ಮ ಸಣ್ಣಪುಟ್ಟ ಮೋಸಗಳ ಮೇಲೆ ಒಂದು ನಗೆಪುಸ್ತಕ ಬರೆದ. ತಕ್ಕಡಿಗೆ ಬೆರಳು ತಾಗಿಸುವ ಅಂಗಡಿಯವನು, ಹಲ್ಲುನೋವೆಂದು ರಜೆ ಹಾಕಿ ಸಿನಿಮಾಕ್ಕೆ ಹೋಗುವ ಗುಮಾಸ್ತ, ಎಲ್ಲರೂ ಅದರಲ್ಲಿದ್ದಾರೆ. ಒಂದು ಅಧ್ಯಾಯದಲ್ಲಿ ನಾನಿದ್ದೇನೆ. ಹೆಸರು ಹಾಕಿಲ್ಲ. ಆದರೆ ಮೂಗಿನ ತುದಿಗೆ ಕನ್ನಡಕ ಇಳಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸಿಡುಕುವ ದರ್ಜಿ ಹೆಂಗಸರು ಈ ಬೀದಿಯಲ್ಲಿ ಎಷ್ಟು ಜನ ಇದ್ದಾರೆ?

ನನ್ನ ಗುಟ್ಟು ಇಷ್ಟೇ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಹೋದ ಸಲದ ಅಳತೆಯನ್ನೇ ಗಟ್ಟಿಯಾಗಿ ಕೂಗುತ್ತೇನೆ. ನಿಜವಾದದ್ದನ್ನು ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಳ್ಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಬಟ್ಟೆ ಸರಿಯಾಗಿ ಕೂತರೆ ಸಾಕಲ್ಲ, ಅಂಕಿ ಕಟ್ಟಿಕೊಂಡು ಯಾರಿಗೇನಾಗಬೇಕು?

ಪುಸ್ತಕ ಬಂದ ವಾರವೇ ಓದಿದವರು ಅಂಗಡಿಗೆ ನುಗ್ಗಿದರು. ಬೇಕರಿಯವನು ಹೊಟ್ಟೆ ಕುಣಿಸಿ ನಕ್ಕ. "ಒಂಚೂರೂ ದಪ್ಪ ಆಗಿಲ್ಲ ಅಂತ ಹೆಂಡತಿ ಹತ್ರ ಪಂದ್ಯ ಕಟ್ಟಿದ್ನಲ್ರೀ! ಮರ್ಯಾದೆ ತೆಗೆದ್ರಿ!" ಅಂಚೆ ಕಚೇರಿಯಾಕೆ ನಗಲಿಲ್ಲ. "ಇನ್ನೇನೇನು ಸುಳ್ಳು ಹೇಳಿದೀರೋ" ಎಂದು ಅರ್ಧ ಹೊಲಿದ ಬಟ್ಟೆಯನ್ನೇ ವಾಪಸು ಒಯ್ದಳು. ಇದನ್ನೆಲ್ಲ ಹೇಗೋ ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಅಧ್ಯಾಯದ ಕೊನೆಯ ಪುಟ.

ಅಲ್ಲಿ ಒಬ್ಬ ಮುದುಕ ಬರುತ್ತಾನೆ. ದಿನದಿನಕ್ಕೂ ಕರಗುತ್ತಿದ್ದಾನೆ. ದರ್ಜಿ ಅವನ ಕೋಟುಗಳನ್ನು ಕದ್ದುಮುಚ್ಚಿ ಹಿಡಿದು ಹೊಲಿದು ಕಿರಿದು ಮಾಡುತ್ತಾಳೆ. ಅವನು ಕನ್ನಡಿಯ ಮುಂದೆ ಎದೆಯುಬ್ಬಿಸಿ, ತಾನಿನ್ನೂ ಗಟ್ಟಿಮುಟ್ಟು ಎಂದು ಬೀಗುತ್ತಾನೆ. ಜನ ಅಲ್ಲೇ ಹೆಚ್ಚು ನಗುತ್ತಾರಂತೆ. ಆ ಮುದುಕ ನಮ್ಮಿಬ್ಬರಿಗೂ ಪಾಠ ಹೇಳಿದ ಮೇಷ್ಟ್ರು. ಅವರ ಕಾಯಿಲೆ ಏನೆಂದು ವೈದ್ಯರು ಮಗಳಿಗೆ ಹೇಳಿದ್ದಾರೆ, ಅವಳು ಅಪ್ಪನಿಗೆ ಹೇಳಿಲ್ಲ. ಕೋಟು ಸಡಿಲವಾದರೆ ಗೊತ್ತಾಗಿಬಿಡುತ್ತದೆಂದು ಅವಳೇ ನನ್ನ ಕೈ ಹಿಡಿದು ಅತ್ತಿದ್ದಳು. ಆ ಸಂಕಟ ತಾಳಲಾರದೆ, ಊಟಕ್ಕೆ ಬಂದ ತಮ್ಮನ ಮುಂದೆ ಒಮ್ಮೆ ಹೇಳಿಕೊಂಡಿದ್ದೆ. ಒಡಹುಟ್ಟಿದವನ ಮುಂದಲ್ಲದೆ ಇನ್ಯಾರ ಮುಂದೆ ಹೇಳಲಿ?

ಫೋನು ಮಾಡಿ ಉಗಿದೆ.

"ಹೆಸರು ಹಾಕಿಲ್ವಲ್ಲಕ್ಕಾ."

"ಮೇಷ್ಟ್ರಿಗೆ ಮೊದಲ್ನೇ ಪ್ರತಿ ನೀನೇ ಸಹಿ ಹಾಕಿ ಕೊಟ್ಟಿದೀಯಲ್ಲೋ!"

"ಸುಮ್ನೆ ಕೊಟ್ಟ ಪುಸ್ತಕಾನ ಯಾರು ಓದ್ತಾರಕ್ಕಾ?"

ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಕೇಳಿದ್ದೆ. ಇವನು ಎಣಿಸಿ ಅಚ್ಚು ಹಾಕಿಸಿದ್ದ.

ಮೇಷ್ಟ್ರು ಓದುತ್ತಾರೆ. ನಾವು ಬರೆದ ಕಾಗಕ್ಕ ಗುಬ್ಬಕ್ಕನಂಥ ಪ್ರಬಂಧಗಳನ್ನೂ ಬಿಡದೆ ಓದಿದವರು ಅವರು. ಮರುದಿನ ಬೆಳಿಗ್ಗೆಯೇ ಬಂದರು. ಕೋಟು ಕಳಚಿ, ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹಾಸಿದರು. ಬಿಚ್ಚಿದ ಹೊಲಿಗೆಯ ಗುರುತುಗಳು ಒಂದರ ಪಕ್ಕ ಒಂದು ಕಾಣುತ್ತಿದ್ದವು.

"ಪುಸ್ತಕ ಚೆನ್ನಾಗಿದೆಯಮ್ಮ. ಮೂರು ಕಡೆ ನಕ್ಕೆ. ನಾಲ್ಕನೇ ಕಡೆ ನೋಡಿದ್ರೆ ನಾನೇ ಇದ್ದೆ."

"ನನ್ನ ಮಗಳಿಗೆ ಇದು ಗೊತ್ತಾ?"

ಅವರ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಅವರಿಗೆ ಉಳಿದಿರುವುದು ಅವಳೊಬ್ಬಳೇ.

"ಇಲ್ಲ ಮೇಷ್ಟ್ರೇ. ನಿಮ್ಮ ಮಗಳು ಕೋಟನ್ನ ಇಸ್ತ್ರಿಗೆ ಅಂತ ತಂದುಕೊಡ್ತಿದ್ರು. ಹಿಡಿದು ಹೊಲಿದಿದ್ದು ನಾನೇ. ನಿಮಗೆ ಬೇಜಾರಾಗ್ಬಾರ್ದು ಅಂತ."

ಅವರು ಹಿಡಿದಿದ್ದ ಉಸಿರು ಬಿಟ್ಟರು. "ಸದ್ಯ. ಮನೇಲಾದ್ರೂ ನಂಗೆ ಯಾರೂ ಸುಳ್ಳು ಹೇಳಿಲ್ಲ." ಕೋಟನ್ನು ಮಡಿಚಿ ತೋಳಿನ ಮೇಲೆ ಹಾಕಿಕೊಂಡರು. "ನೀನು ಹೀಗೆ ಮಾಡ್ತೀಯ ಅಂತ ಅಂದ್ಕೊಂಡಿರ್ಲಿಲ್ಲಮ್ಮ."

ನಾನು ಬಾಯಿ ಬಿಟ್ಟರೆ ಅವರ ಮನೆ ಒಡೆಯುತ್ತಿತ್ತು.

ಅವರು ಬೀದಿ ದಾಟಿ ಎದುರಿನ ದರ್ಜಿಯ ಅಂಗಡಿಗೆ ಹೋದರು. ಬಾಗಿಲು ತೆರೆದೇ ಇತ್ತು. ಕನ್ನಡಿಯ ಮುಂದೆ ಎರಡೂ ಕೈ ಎತ್ತಿ ನಿಂತರು. ಆ ದರ್ಜಿಗೆ ಅವರ ಹಳೆಯ ಅಳತೆ ಗೊತ್ತಿಲ್ಲ. ಟೇಪು ಸುತ್ತಿ, ಬೀದಿಗೆಲ್ಲ ಕೇಳುವಂತೆ, ಇದ್ದದ್ದನ್ನು ಇದ್ದ ಹಾಗೆ ಕೂಗಿದ.

"ಇನ್ನೊಂದ್ಸಲ ನೋಡಪ್ಪ" ಎಂದರು ಮೇಷ್ಟ್ರು.

ಅವನು ಇನ್ನೊಂದು ಸಲ ನೋಡಿ ಅದನ್ನೇ ಕೂಗಿದ.