ಬೆಟ್ಟದ ಬುಡದ ಸಭಾ ಕಾರ್ಯಕ್ರಮ

ಸಭಾ ಕಾರ್ಯಕ್ರಮವಿಲ್ಲದೆ ನಮ್ಮ ಮಂಗಳೂರಿನಲ್ಲಿ ಏನೂ ನಡೆಯುವುದಿಲ್ಲ. ಬಾವಿಗೆ ಕಟ್ಟೆ ಕಟ್ಟಿದರೂ ದೀಪ ಬೆಳಗಬೇಕು, ಶಾಲು ಹೊದೆಸಬೇಕು, ಹಣ್ಣಿನ ಬುಟ್ಟಿ ಕೊಡಬೇಕು. ಇದೆಲ್ಲ ನೋಡಿ ನೋಡಿ ಸಾಕಾಗಿದ್ದರೂ, ಬೆಟ್ಟ ಹತ್ತಲಿಕ್ಕೂ ಸಭೆ ಬೇಕೆಂದು ನಮ್ಮ ಶಾಲೆಯ ಸಂಚಾಲಕರು ಹೇಳಿದಾಗ ನಾನು ದಂಗಾದೆ.

ಸಂಚಾಲಕರೆಂದರೆ ಅಣ್ಣು ಶೆಟ್ಟರು. ಬಂದರಿನ ಹತ್ತಿರ ಹೋಟೆಲು, ಕದ್ರಿಯಲ್ಲಿ ಶಾಲೆ. ಎರಡನ್ನೂ ಒಂದೇ ರೀತಿ ನಡೆಸುತ್ತಾರೆ. ಬೋರ್ಡು ದೊಡ್ಡದಿದ್ದರೆ ಸಾಕು. ಒಂಬತ್ತನೆಯ ತರಗತಿಯ ಮಕ್ಕಳನ್ನು ಘಟ್ಟದ ಕಡೆಯ ಬೆಟ್ಟವೊಂದಕ್ಕೆ ಚಾರಣ ಕರೆದೊಯ್ಯುವುದೆಂದು ನಿಶ್ಚಯವಾದ ದಿನವೇ ನನ್ನನ್ನು ಕರೆದರು.

"ವಿನಿತಾ ಟೀಚರ್, ನಿರೂಪಣೆ ನಿಮ್ಮದೇ."

"ಎಲ್ಲಿ ಸರ್, ತುದಿಯಲ್ಲಾ?"

"ತುದಿಗೆ ಮುಖ್ಯ ಅತಿಥಿಗಳಿಗೆ ಬರ್ಲಿಕ್ಕೆ ಆಗ್ತದಾ ಮಾರಾಯ್ರೆ? ಬುಡದಲ್ಲಿ. ಶಾಮಿಯಾನಕ್ಕೆ ಹೇಳಿ ಆಯ್ತು."

ಮಕ್ಕಳಲ್ಲಿ ಒಲಿವಿಯಾ ಎಂಬವಳಿಗೆ ಈ ಬೆಟ್ಟ ಬೇಕೇ ಬೇಕಿತ್ತು. ಅವಳಿಗೆ ದಮ್ಮಿನ ಕಾಯಿಲೆ. ಹಿಂದಿನ ವರ್ಷದ ಚಾರಣದಲ್ಲಿ ಅವಳನ್ನು ಬಸ್ಸಿನಲ್ಲೇ ಕೂರಿಸಿ ಉಳಿದವರ ಚೀಲ ಕಾಯಿಸಿದ್ದರು. ಆ ಮೇಲೆ ಅವಳು ಡಾಕ್ಟರರನ್ನು ಕೇಳಿಕೊಂಡು, ಪಿ.ಟಿ. ಕಲಿಸುವ ಬೆನಿಟಾ ಟೀಚರ ಜೊತೆ ಭಾನುವಾರ ಭಾನುವಾರ ಕದ್ರಿ ಗುಡ್ಡ ಹತ್ತಿ ಅಭ್ಯಾಸ ಮಾಡಿದ್ದಳು. ಹತ್ತನೆಯ ತರಗತಿಯವರಿಗೆ ನಮ್ಮಲ್ಲಿ ಪ್ರವಾಸವಿಲ್ಲ, ಟ್ಯೂಷನ್ ಮಾತ್ರ. ಈ ಸಲ ತಪ್ಪಿದರೆ ತಪ್ಪಿದ ಹಾಗೆಯೇ.

ಬೆಟ್ಟದ ಬುಡದಲ್ಲಿ ನಮಗಿಂತ ಮೊದಲೇ ಫ್ಲೆಕ್ಸ್ ಬಂದು ನಿಂತಿತ್ತು. ಅದರಲ್ಲಿ ಬೆಟ್ಟಕ್ಕಿಂತ ಶೆಟ್ಟರ ಮುಖವೇ ದೊಡ್ಡದು. ಹತ್ತು ಗಂಟೆಗೆ ಗೇಟು ಹಾಕುತ್ತೇವೆ, ಮತ್ತೆ ಯಾರನ್ನೂ ಮೇಲೆ ಬಿಡುವುದಿಲ್ಲ ಎಂದು ಅರಣ್ಯ ಇಲಾಖೆಯ ಗಾರ್ಡ್ ಹೇಳಿದ. ಸಭೆ ಅರ್ಧ ಗಂಟೆಯದ್ದು ಎಂದರು ಶೆಟ್ಟರು. ಅರ್ಧ ಗಂಟೆಯಂತೆ! ಗಾಳಿಗೆ ದೀಪ ಹತ್ತಿಸಲಿಕ್ಕೇ ಅಷ್ಟು ಹೊತ್ತು ಹೋಯಿತು. ತಡವಾಗಿ ಬಂದ ಮುಖ್ಯ ಅತಿಥಿಗಳು "ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ?" ಎಂದು ಮಕ್ಕಳನ್ನು ಗದರಿದರು. ವೇದಿಕೆಯ ಎರಡು ಮೆಟ್ಟಿಲು ಹತ್ತಲು ಆ ಮಹಾಶಯರಿಗೆ ಇಬ್ಬರ ತೋಳು ಬೇಕಾಗಿತ್ತು.

ಹತ್ತಾಗುತ್ತಾ ಬಂತು. ನಾನು ಶೆಟ್ಟರ ಕಿವಿಯ ಹತ್ತಿರ ಹೋಗಿ, ಮಕ್ಕಳನ್ನು ಕಳಿಸುವ ಎಂದೆ.

"ಸನ್ಮಾನ ಬಾಕಿ ಉಂಟಲ್ಲ! ಮಕ್ಕಳು ಎದ್ದು ಹೋದ್ರೆ ಚಪ್ಪಾಳೆ ಯಾರು ತಟ್ಟುವುದು?"

ಕೊನೆಯ ಸಾಲಿನಲ್ಲಿ ಒಲಿವಿಯಾ ಶೂ ಬಿಗಿದುಕೊಂಡು, ಇನ್‌ಹೇಲರ್ ಹಿಡಿದುಕೊಂಡು ಕೂತಿದ್ದಳು. ಕಣ್ಣು ತುಂಬಿತ್ತು. ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ಎದ್ದರೆ ಗೊತ್ತಾಗುತ್ತದೆ, ಒಬ್ಬಳು ಎದ್ದರೆ ಈ ದೊಡ್ಡವರಿಗೆ ಎಲ್ಲಿ ಕಾಣಬೇಕು?

"ಬೆನಿಟಾ ಟೀಚರ್, ಅವಳನ್ನು ಕರ್ಕೊಂಡು ಹೋಗಿ. ಇವರನ್ನು ನಾನು ನೋಡ್ಕೊಳ್ತೇನೆ."

ಅವರಿಬ್ಬರು ಶಾಮಿಯಾನದ ಹಿಂದಿನಿಂದ ನುಸುಳಿ ಗೇಟು ದಾಟಿದರು. ಅವರ ಹಿಂದೆಯೇ ಗೇಟು ಬಿತ್ತು. ವೇದಿಕೆಯ ಮೇಲಿನ ಒಬ್ಬನೂ ಅತ್ತ ತಿರುಗಲಿಲ್ಲ.

ಸಭೆ ಬೇಗ ಮುಗಿದರೆ ಶೆಟ್ಟರು ತಲೆ ಎಣಿಸಿ ಅವರನ್ನು ಅರ್ಧ ದಾರಿಯಿಂದ ವಾಪಸು ಕರೆಸಿಯಾರು. ಇನ್ನು ಅವರು ತುದಿ ಮುಟ್ಟುವ ತನಕ ಇವರನ್ನು ಕೂರಿಸಬೇಕು. ಅದೇನು ದೊಡ್ಡ ವಿದ್ಯೆಯಲ್ಲ. ಶಾಲು ಎಂದರೆ ಬೇಡ ಎನ್ನುವ ಗಂಡಸು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ಬಸ್ಸಿನ ಮಾಲೀಕರನ್ನು ಕರೆದೆ, ಮೈಕಿನವರನ್ನು ಕರೆದೆ, ಕಟ್ಟಕಡೆಗೆ ಶಾಮಿಯಾನದವರನ್ನು "ನೆರಳಿನ ದಾನಿ" ಎಂದು ಹೊಗಳಿ ಕರೆದೆ. ಪ್ರತಿಯೊಬ್ಬರಿಂದ ಎರಡು ಮಾತು. ಒಬ್ಬರ ಎರಡು ಮಾತು ಅವರ ಬಾಲವಾಡಿಯಿಂದ ಶುರುವಾಯಿತು. ಶಾಲು ಮುಗಿದಾಗ ಮೊದಲಿನವರಿಂದ ವಾಪಸು ಇಸಕೊಂಡು ಮುಂದಿನವರಿಗೆ ಹೊದೆಸಿದೆವು. ಪಾಪ, ಮಕ್ಕಳ ಅಂಗೈ ಕೆಂಪಾಯಿತು.

ಊಟದ ಹೊತ್ತಿಗೆ ಯಾರೋ ಹುಡುಗ ಮೇಲೆ ನೋಡಿ ಕಿರುಚಿದ. ತುದಿಯ ಬಂಡೆಯ ಮೇಲೆ ಎರಡು ಆಕೃತಿ, ಒಂದು ಹಳದಿ ಟೊಪ್ಪಿ ಬೀಸುತ್ತಿತ್ತು. ಅನ್ನದ ಬಟ್ಟಲು ಬಿಟ್ಟು ಮಕ್ಕಳೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಆ ದಿನ ಯಾರೂ ಹೇಳದೆ ಬಂದ ಚಪ್ಪಾಳೆ ಅದೊಂದೇ.

ಅವರು ಇಳಿದು ಬರುವಾಗ ಪ್ರಮಾಣಪತ್ರ ಹಂಚುವುದು ನಡೆದಿತ್ತು. "ಶಿಖರ ಏರಿದ ಸಾಧಕ" ಎಂದು ಮೊದಲೇ ಅಚ್ಚು ಹಾಕಿಸಿದ್ದರು. ಕುರ್ಚಿಯಿಂದ ಏಳದವರಿಗೆಲ್ಲ ಕೊಟ್ಟ ಶೆಟ್ಟರು ಒಲಿವಿಯಾಳದ್ದನ್ನು ಹರಿದರು.

"ಕೇಳದೆ ಹೋದವಳಿಗೆ ಇಲ್ಲ. ಶಿಸ್ತು ಅಂತ ಒಂದು ಉಂಟು."

ಬೆನಿಟಾ ಟೀಚರಿಗೂ ನನಗೂ ಸೋಮವಾರ ಮೆಮೊ ಅಂತೆ. ಕೊಡಲಿ. ಹತ್ತಿದವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಬೆಟ್ಟ ಹತ್ತಿದ ಶಾಲೆ ನಮ್ಮದು!

ಬಸ್ಸಿನಲ್ಲಿ ಒಲಿವಿಯಾ ನನ್ನ ಪಕ್ಕ ಬಂದು ಕೂತಳು. ಪ್ರಮಾಣಪತ್ರದ ಬೇಸರ ಇರಬಹುದೆಂದು ಮೆಲ್ಲಗೆ ಕೇಳಿದೆ.

"ದಮ್ಮು ಕಟ್ಲಿಲ್ವಾ ನಿನಗೆ?"

"ಒಂದೇ ಸಲ ಟೀಚರ್. ತುದಿಯಲ್ಲಿ."

"ಅಯ್ಯೋ, ಎಂತ ಆಯ್ತು?"

"ನಿಮ್ಮ ಮೈಕ್ ಅಲ್ಲಿಗೂ ಕೇಳ್ತದೆ. ನೆರಳಿನ ದಾನಿ ಅಂದ್ರಲ್ಲ, ನಾವಿಬ್ರೂ ನಕ್ಕು ನಕ್ಕು ಬಂಡೆಯ ಮೇಲೆ ಕೂತೇ ಬಿಟ್ಟೆವು. ಆಗ ಕಟ್ಟಿದ್ದು."