ಹುಲ್ಲು ತುಂಬಿದ ಕರು

"ಏನೇ ಮುಂಡೇದೆ, ಚಾಕು ಹಿಡಿಯೋದ್ನ ನಾನು ಹೇಳ್ಕೊಡಬೇಕಾ? ನಿಮ್ಮೋರು ಹುಟ್ಟಿರೋದೇ ಅದಕ್ಕಲ್ವಾ!"

ಅಮೃತಪ್ಪ ಸತ್ತ ಕರುವನ್ನು ಕಾಲಿನಿಂದ ನನ್ನತ್ತ ದೂಡಿದ. ನಗರದಂಚಿನ ಹೊರಮಾವಿನಲ್ಲಿ ಅವನ ಹೊಲವೆಲ್ಲ ಅಪಾರ್ಟ್‌ಮೆಂಟಾಗಿ, ಉಳಿದಿರುವುದು ಈ ಕೊಟ್ಟಿಗೆ ಮತ್ತು ಅದರ ಹಿಂದೆ, ಅವನಲ್ಲಿ ಕೂಲಿಗೆ ಬಂದ ನಾನೂ ಅವ್ವನೂ ಇರುವ ತಗಡಿನ ಗೂಡು.

ಕರು ಸತ್ತರೆ ಹಸು ಹಾಲು ಇಳಿಸುವುದಿಲ್ಲ. ಅದಕ್ಕೇ ಕರುವಿನ ತೊಗಲು ಸುಲಿದು, ಹುಲ್ಲು ತುಂಬಿ ಹೊಲಿದು, ಕರೆಯುವಾಗ ತಾಯಿಯ ಮುಂದೆ ನಿಲ್ಲಿಸಬೇಕು. ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಅಂಥದೊಂದು ಕರು, ತಾಯಿ ನೆಕ್ಕಿ ನೆಕ್ಕಿ, ಒಂದು ಬೆಳಗ್ಗೆ ಕಣ್ಣು ಬಿಡುತ್ತಿತ್ತು. ಸುಲಿದವಳು ಏನಾದಳೆಂದು ಅಜ್ಜಿ ಹೇಳಿರಲಿಲ್ಲ.

ಇದು ಎರಡನೆಯ ಹಸುವಿನ ಕರು. ವಾರದ ಹಿಂದೆ ಮೊದಲ ಕರುವನ್ನು ಸುಲಿದದ್ದು ಅವ್ವ. ಅದು ರಕ್ತಭೇದಿಯಾಗಿ ಸತ್ತದ್ದು. "ಸಾಲ್ಮೊನೆಲ್ಲಾ ಕಣ್ರೀ, ಮನುಷ್ಯರಿಗೂ ಹತ್ತುತ್ತೆ. ಕುಯ್ಯಬೇಡಿ, ಸುಣ್ಣ ಹಾಕಿ ಹೂತ್ಬಿಡಿ" ಎಂದಿದ್ದರು ದನದ ಡಾಕ್ಟರು. ಅವರ ಬೈಕು ತಿರುವು ದಾಟುವವರೆಗೆ ಕೈಮುಗಿದು ನಿಂತಿದ್ದ ಅಮೃತಪ್ಪ ಆಮೇಲೆ ಅವ್ವನ ಕೈಗೆ ಚಾಕು ಕೊಟ್ಟಿದ್ದ.

ಈಗ ಅವ್ವನ ಸೀರೆಯಲ್ಲೂ ಅದೇ ರಕ್ತ, ಅದೇ ನಾತ. ಮೈ ಕೆಂಡ. ನಾನು ಕರೆದು ತಂದ ಆಟೋದವನು ಸೀರೆ ನೋಡಿ ಗಾಡಿ ತಿರುಗಿಸಿಕೊಂಡು ಹೋದ.

"ಅಣ್ಣ, ನಿಮ್ಮ ಗೂಡ್ಸ್ ಆಟೋದಲ್ಲಿ ಅವ್ವನ್ನ ಆಸ್ಪತ್ರೆಗೆ ಬಿಡಿ. ಕಾಲಿಗೆ ಬೀಳ್ತೀನಿ."

"ಹಾಲಿನ ಕ್ಯಾನ್ ಇಡೋ ಗಾಡಿ ಕಣೇ ಅದು. ನಿಮ್ಮವ್ವನ ಹೇಲು ಬಳಿಯೋಕಾ? ಮೊದ್ಲು ಇದನ್ನ ಸುಲಿ, ಆಮೇಲೆ ನೋಡಾಣ."

ಗೂಡಿನಿಂದ ನನ್ನ ಹೆಸರು ಕೂಗುತ್ತ ಅವ್ವನ ದನಿ ತೆವಳಿ ಬಂತು: "ಹುಲಿಗೀ... ಮುಟ್ಟಬ್ಯಾಡ ಯವ್ವಾ... ಹೊಟ್ಟ್ಯಾಗಿನ ಕಳ್ಳು ಕಿತ್ತು ಬರಾಕತ್ತೈತಿ."

ಗೇಟು ಕಿರ್ರೆಂದಿತು. ಸಂಜೆಯ ಹಾಲಿಗೆ ಅಪಾರ್ಟ್‌ಮೆಂಟಿನವರು. ಅಮೃತಪ್ಪನ ನಾಲಿಗೆ ಆ ಕ್ಷಣವೇ ಬೆಣ್ಣೆಯಾಯಿತು. ಸತ್ತ ಕರುವಿನ ಮೇಲೆ ಗೋಣಿ ಎಳೆದ.

"ಅಂಕಲ್, ಪಾಪು ಕರು ನೋಡ್ಬೇಕಂತೆ" ಎಂದರು ಆಶಾರಾಣಿ ಮೇಡಂ, ಮಗನ ಕೈ ಹಿಡಿದು.

"ಕುಡಿದು ಮಲಗೈತೆ ಮೇಡಂ. ಕರು ಹೊಟ್ಟೆ ತುಂಬಿದ್ಮೇಲೇ ನಾವು ಕರೆಯೋದು."

ಹಾಲಿಗೆ ಬರುವವರಿಗೆ ಕಾಣದಂತೆ ಹಸುವಿನ ಮುಂದೆ ಅಡ್ಡ ಇಟ್ಟಿದ್ದ ಹಲಗೆಯನ್ನು ನಾನು ಒದ್ದೆ. ಹಿಂದೆ ಹುಲ್ಲಿನ ಕರು, ಕಣ್ಣಿನ ಜಾಗದಲ್ಲಿ ಅವ್ವ ಹಾಕಿದ ಹೊಲಿಗೆ.

"ಇದೇ ನೋಡಿ ಅಕ್ಕಾ ಕರು. ರೋಗ ಬಂದು ಸತ್ತಿದ್ದು. ಸುಲಿದೋಳು ನಮ್ಮವ್ವ. ಅದೇ ರೋಗದಲ್ಲಿ ಅಲ್ಲಿ ಸಾಯ್ತಾ ಬಿದ್ದವ್ಳೆ."

"ಅಯ್ಯೋ! ನಾವು ಈ ಹಾಲು ಕುಡಿದ್ವಾ?" ಮೇಡಂ ಮಗನನ್ನು ಎಳೆದುಕೊಂಡು ಮೂಗು ಮುಚ್ಚಿದರು. "ಅಂಕಲ್, ಏನ್ರೀ ಇದು?"

ಅವ್ವ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಗೂಡಿಗೆ ಹೋಗಿ ಅವ್ವನನ್ನು ಎತ್ತಿಕೊಂಡೆ. ಅವಳೊಳಗೂ ಹುಲ್ಲೇ ತುಂಬಿದ್ದಂತಿತ್ತು, ಅಷ್ಟು ಹಗುರ. ಗೂಡ್ಸ್ ಆಟೋದೊಳಗೆ ಮಲಗಿಸಿ, ಕ್ಯಾನುಗಳನ್ನು ಒಂದೊಂದಾಗಿ ಕೆಳಕ್ಕೆ ಒದ್ದೆ. ಹಾಲು ಮಣ್ಣಿಗೆ ಹರಿದು ಅವರ ಚಪ್ಪಲಿ ಮುಟ್ಟಿತು. ಎಲ್ಲರೂ ಹಿಂದೆ ಸರಿದರು.

"ಇಳಿಯೇ ಬೋಳೀಮಗಳೇ!"

"ಇಳಿಯಲ್ಲ. ಗಾಡಿ ತೆಗಿ."

ಕೀ ಅಮೃತಪ್ಪನ ಮುಷ್ಟಿಯಲ್ಲಿತ್ತು. ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಕೊಟ್ಟಿಗೆಯಲ್ಲಿ ಹಸು, ಯಾರ ಗೊಡವೆಯೂ ಇಲ್ಲದೆ, ಆ ಹೊಲಿಗೆಯ ಕಣ್ಣನ್ನು ನೆಕ್ಕುತ್ತಲೇ ಇತ್ತು.